ನನ್ನ ಟೈಪ್ ಯಾವುದು? ಪ್ರಶ್ನೆ ಕೇಳಿ ಹೇಳ್ತೀರಾ?

ಮಿಡಿಮಾವು
ಎಲ್ಲರಿಗೂ ನಮಸ್ಕಾರ. ನನ್ನದು ಶಿರಸಿ ಹತ್ತಿರದ ಹಳ್ಳಿ. ಕೆಲಸ ಕಾರವಾರದಲ್ಲಿ, ಒಂದು ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿ. ನನ್ನ ವ್ಯಕ್ತಿತ್ವದ ಟೈಪ್ ಯಾವುದು ಅಂತ ತಿಳಿಯಲು ನಿಮ್ಮ ಸಹಾಯ ಬೇಕು.

ಎಂಬಿಟಿಐ (ನಾಲ್ಕು ಅಕ್ಷರದಲ್ಲಿ ವ್ಯಕ್ತಿತ್ವದ ಟೈಪ್ ಹೇಳುವ ಪ್ರಶ್ನಾವಳಿ) ಥರದ ಟೆಸ್ಟುಗಳನ್ನು ನೆಟ್‌ನಲ್ಲಿ ಮಾಡಿ ನೋಡಿದೆ. ಒಂದು ಕಡೆ ಐಎನ್‌ಎಫ್‌ಪಿ ಬಂತು, ಇನ್ನೊಂದು ಕಡೆ ಐಎನ್‌ಎಫ್‌ಜೆ, ಮತ್ತೊಂದು ಕಡೆ ಐಎಸ್‌ಎಫ್‌ಜೆ. ಯಾವ ವಿವರಣೆ ಓದಿದರೂ "ಹೌದು, ಇದು ನಾನೇ" ಅನಿಸುತ್ತದೆ. ಹಾಗಾದರೆ ನಿಜ ಯಾವುದು?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಆಫೀಸಿನಲ್ಲಿ ನನ್ನನ್ನು ಫೀಲ್ಡ್ ಕೆಲಸಕ್ಕೆ ಕರೆಯುತ್ತಿದ್ದಾರೆ. ಅಂಕೋಲಾದಿಂದ ಭಟ್ಕಳದವರೆಗೆ ಮಹಿಳಾ ಸ್ವಸಹಾಯ ಸಂಘಗಳಿಗೆ ಹೋಗಬೇಕು. ಲೆಕ್ಕ ನೋಡುವುದು, ಸಾಲದ ವಿಷಯ ತಿಳಿಸಿ ಹೇಳುವುದು. ದಿನವೂ ಹೊಸ ಜನ. ಆಯಿ "ನಿನಗೆ ನಾಲ್ಕು ಜನರ ಎದುರು ಬಾಯಿ ಬರೋದಿಲ್ಲ, ಅದೆಲ್ಲ ಬೇಡ" ಅನ್ನುತ್ತಾಳೆ. ಕಾಲೇಜಿನ ಗೆಳತಿ "ನೀನು ಮಾತಿಗೆ ಕೂತರೆ ಏಳೋದೇ ಇಲ್ವಲ್ಲೇ" ಅನ್ನುತ್ತಾಳೆ. ಇಬ್ಬರೂ ನನ್ನನ್ನು ಚೆನ್ನಾಗಿ ಬಲ್ಲವರೇ. ಏನು ಬೇಕಾದರೂ ಕೇಳಿ, ಉತ್ತರ ಕೊಡುತ್ತೇನೆ.

ಕಾಳಿದಡ
ಟೆಸ್ಟ್ ಬಿಡಿ. ಟೆಸ್ಟಿನಲ್ಲಿ ನಾವು ಹೇಗಿರಬೇಕು ಅಂತ ಆಸೆ ಇದೆಯೋ ಅದಕ್ಕೇ ಟಿಕ್ ಹಾಕುತ್ತೇವೆ. ನಡೆದ ಸಂಗತಿ ಹೇಳಿ, ಅದರಿಂದ ಗೊತ್ತಾಗುತ್ತದೆ.

ಒಂದು: ಇಡೀ ದಿನ ಮದುವೆಮನೆಯಲ್ಲಿ ಓಡಾಡಿ ಸಂಜೆ ಮನೆಗೆ ಬಂದಿರಿ. ಆಮೇಲೆ ಏನು ಮಾಡುತ್ತೀರಿ?
ಎರಡು: ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋಗಿ ಬಂದಿರಿ. ಬರಲಾಗದ ಅಜ್ಜಿಗೆ ಏನು ಹೇಳುತ್ತೀರಿ? ಅದೇ ಮಾತಿನಲ್ಲಿ ಬರೆಯಿರಿ.
ಮೂರು: ಮನೆಯಲ್ಲಿ ಇಬ್ಬರಿಗೆ ಜಗಳ. ಒಬ್ಬರದ್ದು ಸರಿ ಅಂತ ನಿಮಗೆ ಗೊತ್ತು. ನಿಮ್ಮ ಮನಸ್ಸಿನಲ್ಲಿ ಮೊದಲು ಬರುವುದು ಏನು?
ನಾಲ್ಕು: ಬೇಡ ಅಂತ ಎಲ್ಲರೂ ಹೇಳಿದರೂ ನೀವು ಮಾಡಿದ ಒಂದು ಕೆಲಸ.

ಹೊಳೆಬಾಗಿಲು
ನನಗೂ ಇದೇ ಗೊಂದಲ. ಕೂತು ಓದ್ತೇನೆ.

ತಾರ್ಲೆಸಾರು
ಈ ಐಎನ್‌ಎಫ್ ಅಂದರೆ ಎಂತದು ಮಾರಾಯ್ರೇ? ಗೊತ್ತಿಲ್ಲದವರಿಗೂ ಸ್ವಲ್ಪ ಹೇಳಿ.

ದೇವಿಮನೆ
@ತಾರ್ಲೆಸಾರು, ನಾಲ್ಕು ಜೋಡಿ ಇವೆ. ಗಮನ ಹೊರಗಿನ ಜನ-ಘಟನೆ ಕಡೆ ಹೋಗುತ್ತದೋ (ಇ), ಒಳಗಿನ ಯೋಚನೆ ಕಡೆಗೋ (ಐ). ಕಣ್ಣಿಗೆ ಕಂಡ ವಿವರ ಹಿಡಿಯುತ್ತೀರೋ (ಎಸ್), ಅದರ ಹಿಂದಿನ ಅರ್ಥ, ಸಾಧ್ಯತೆ ಹಿಡಿಯುತ್ತೀರೋ (ಎನ್). ತೀರ್ಮಾನಕ್ಕೆ ತರ್ಕ ಮುಂದೋ (ಟಿ), ಮನುಷ್ಯರು ಮತ್ತು ಮೌಲ್ಯ ಮುಂದೋ (ಎಫ್). ಮೊದಲೇ ನಿಶ್ಚಯ ಮಾಡಿಕೊಂಡರೆ ನೆಮ್ಮದಿಯೋ (ಜೆ), ಕೊನೆತನಕ ದಾರಿ ತೆರೆದಿಟ್ಟರೆ ನೆಮ್ಮದಿಯೋ (ಪಿ). ಒಟ್ಟು 16 ಟೈಪ್.

ಬೇರು ಕಾರ್ಲ್ ಯುಂಗ್ 1921ರಲ್ಲಿ ಬರೆದದ್ದರಲ್ಲಿದೆ. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ಅದನ್ನು ಪ್ರಶ್ನಾವಳಿ ಮಾಡಿದರು. ಜೆ-ಪಿ ಜೋಡಿ ಸೇರಿಸಿದ್ದು ಅವರೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಸದಾಗಿ ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೆ ಯಾವ ಕೆಲಸ ಹೊಂದುತ್ತದೆ ಅಂತ ಹುಡುಕಲು ಶುರುವಾದದ್ದು. ಅಂದರೆ ಮಿಡಿಮಾವು ಅವರ ಪ್ರಶ್ನೆಯೇ!

ಕುಮಟಾ_ಮೇಷ್ಟ್ರು
ದೇವಿಮನೆಯವರು ಹೇಳಿದ ಇತಿಹಾಸ ಸರಿ. ಇನ್ನರ್ಧವನ್ನೂ ಹೇಳಬೇಕು. ತಾಯಿ-ಮಗಳು ಇಬ್ಬರೂ ಮನೋವಿಜ್ಞಾನದಲ್ಲಿ ತರಬೇತಿ ಪಡೆದವರಲ್ಲ. ಅವರ ಶ್ರದ್ಧೆ ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಟೆಸ್ಟಿನ ಬಲ ಕಡಿಮೆ. ಕೆಲವು ವಾರ ಬಿಟ್ಟು ಮತ್ತೆ ಮಾಡಿದಾಗ ಸುಮಾರು ಅರ್ಧದಷ್ಟು ಜನಕ್ಕೆ ಬೇರೆ ಟೈಪ್ ಬಂದ ವರದಿಗಳಿವೆ. ಕಾರಣ ಸರಳ. ಜನರ ಅಂಕಗಳನ್ನು ಗ್ರಾಫಿಗೆ ಹಾಕಿದರೆ ಹೆಚ್ಚಿನವರು ನಡುವಿನಲ್ಲೇ ಇರುತ್ತಾರೆ. ನಡುವೆ ಗೆರೆ ಎಳೆದು ಈಚೆಯವರು ಐ, ಆಚೆಯವರು ಇ ಅಂದರೆ, ಗೆರೆಯ ಹತ್ತಿರ ಇರುವವರು ಒಂದು ಉತ್ತರ ಬದಲಾದರೂ ಆಚೆ ಬೀಳುತ್ತಾರೆ.

"ಯಾವುದನ್ನು ಓದಿದರೂ ನಾನೇ ಅನಿಸುತ್ತದೆ" ಅಂದಿರಲ್ಲ ತಂಗಿ, ಅದಕ್ಕೂ ವಿವರಣೆ ಇದೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಧ್ಯಾಪಕ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಕೊಟ್ಟ. ಆಮೇಲೆ ಒಬ್ಬೊಬ್ಬರಿಗೂ "ಇದು ನಿಮ್ಮ ವ್ಯಕ್ತಿತ್ವ" ಅಂತ ಬರೆದು ಕೊಟ್ಟ. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಅಂದ. ಸರಾಸರಿ 4.26 ಬಂತು. ಅಸಲಿಗೆ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡ ವಾಕ್ಯಗಳು.

ಅಪ್ಪೆಹುಳಿ
ಮೇಷ್ಟ್ರೇ, ಫೋರರ್ ತೋರಿಸಿದ್ದು ಮಸುಕು ವಾಕ್ಯಗಳ ಬಗ್ಗೆ. "ನಿಮಗೆ ಕೆಲವೊಮ್ಮೆ ನಿಮ್ಮ ಮೇಲೇ ಸಂಶಯ ಬರುತ್ತದೆ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಇಲ್ಲಿ ಕಾಳಿದಡ ಕೇಳಿದ್ದು ಹಾಗಲ್ಲ. ಅಜ್ಜಿಗೆ ಜಾತ್ರೆ ಹೇಗೆ ಹೇಳುತ್ತೀರಿ ಅನ್ನುವುದಕ್ಕೆ ನೂರು ಜನ ನೂರು ಥರ ಬರೆಯುತ್ತಾರೆ. ಅದನ್ನೂ ಇದನ್ನೂ ಒಂದೇ ಮಾಡಬೇಡಿ.

ಕುಮಟಾ_ಮೇಷ್ಟ್ರು
ಪ್ರಶ್ನೆ ಬೇರೆ ಅಂತ ಒಪ್ಪುತ್ತೇನೆ. ಕೊನೆಗೆ ಕೊಡುವ ಉತ್ತರ ಮಾತ್ರ ಅದೇ ನಾಲ್ಕು ಅಕ್ಷರ ಅಲ್ವಾ?

ಗೇರುಬೀಜ
ಪ್ರಶ್ನೆ ಕೇಳುತ್ತಿದ್ದಾರಲ್ಲ, ಅದೇ ದೊಡ್ಡದು ಅನಿಸಿತು ನನಗೆ. ನನ್ನದು ಚಿತ್ತಾ ನಕ್ಷತ್ರ, ರಾಕ್ಷಸ ಗಣ. 27 ನಕ್ಷತ್ರಗಳನ್ನು ದೇವ, ಮನುಷ್ಯ, ರಾಕ್ಷಸ ಅಂತ ಒಂಬತ್ತೊಂಬತ್ತು ಹಂಚಿಟ್ಟಿದ್ದಾರೆ. ಹುಟ್ಟಿದ ಗಳಿಗೆಗೇ ಟೈಪ್ ಸಿಕ್ಕಿಬಿಟ್ಟಿತು. ಮದುವೆಗೆ ನೋಡುವಾಗ ಜಾತಕ ಕಳಿಸಿದ ಮೇಲೆ ಎಷ್ಟೋ ಮನೆಯವರು ಮಾತೇ ಮುಂದುವರಿಸಲಿಲ್ಲ. "ಹುಡುಗಿ ಜೋರಿರಬಹುದು" ಅಂತ ಅವರೇ ತೀರ್ಮಾನ ಮಾಡಿದರು. ಯಾರೂ ನನ್ನ ಹತ್ತಿರ ಒಂದು ಪ್ರಶ್ನೆ ಕೇಳಲಿಲ್ಲ. ಮದುವೆಯಾದವರು ಕೇಳಿದರು. "ಸಿಟ್ಟು ಬಂದರೆ ಏನು ಮಾಡ್ತೀರಿ?" ಅಂತ. "ಹಿತ್ತಲಿಗೆ ಹೋಗಿ ಕೆಲಸ ಮಾಡ್ತೇನೆ" ಅಂದೆ. ಇವತ್ತಿಗೂ ಹಾಗೇ.

ತಾರ್ಲೆಸಾರು
ಗೇರುಬೀಜ ಅಕ್ಕಾ, ಓದಿ ತುಂಬ ಖುಷಿಯಾಯಿತು.

ಮಿಡಿಮಾವು
ಕಾಳಿದಡ ಅವರೇ, ಉತ್ತರ ಇಲ್ಲಿದೆ.

ಮದುವೆಮನೆಯಿಂದ ಬಂದ ಮೇಲೆ ಸೀರೆ ಬದಲಾಯಿಸಿ ಜಗಲಿಯಲ್ಲಿ ಒಬ್ಬಳೇ ಕೂರುತ್ತೇನೆ. ಆಮೇಲೆ ತಮ್ಮ ಬಂದರೆ ರಾತ್ರಿ ತನಕ ಅದೇ ಮದುವೆಯ ಸುದ್ದಿ ಮಾತಾಡುತ್ತೇವೆ.

ಅಮ್ಮಮ್ಮನಿಗೆ ಜಾತ್ರೆಯ ಬಗ್ಗೆ: "ಈ ಸಲ ಬಿಡ್ಕಿಬೈಲಿನಲ್ಲಿ ದೇವಿ ಹತ್ತಿರ ಹೋಗಲು ಎರಡು ತಾಸು ಸಾಲು. ದೇವಿಗೆ ಉಡಿಸಿದ್ದು ಹಸಿರು ಅಂಚಿನ ಸೀರೆ. ಪ್ರತಿಸಲ ನಾವು ಬಳೆ ತಗೊಳ್ಳುವ ಅಂಗಡಿಯವನು ನಿನ್ನನ್ನು ಕೇಳಿದ, ಅಮ್ಮ ಬರಲಿಲ್ವಾ ಅಂತ. ನಿನಗೆ ಅಂತ ಒಂದು ಡಜನ್ ಕೊಟ್ಟಿದ್ದಾನೆ, ನಾನು ದುಡ್ಡು ಕೊಟ್ಟೆ."

ಜಗಳ: ಮೊದಲು ಬರುವ ಯೋಚನೆ, ಇದು ಊಟದ ಹೊತ್ತಿಗೆ ಮುಗಿಯಲಿ. ಸರಿ ಯಾರದ್ದು ಅಂತ ಆಮೇಲೆ ಅವರಿಗೆ ಒಬ್ಬೊಬ್ಬರಿಗೇ ಹೇಳುತ್ತೇನೆ.

ಬೇಡ ಅಂದರೂ ಮಾಡಿದ್ದು: ಕಾರವಾರಕ್ಕೆ ಬಂದದ್ದೇ. ಅಪ್ಪಯ್ಯನಿಗೆ ಇಷ್ಟ ಇರಲಿಲ್ಲ. ಜಗಳ ಮಾಡಲಿಲ್ಲ, ಬಂದೆ.

ಕಾಳಿದಡ
ನನಗೆ ಸ್ಪಷ್ಟ. ಐಎಸ್‌ಎಫ್‌ಜೆ. ಜಾತ್ರೆಯ ಉತ್ತರ ನೋಡಿ. ಸೀರೆಯ ಅಂಚು, ಸಾಲಿನ ಹೊತ್ತು, ಬಳೆ ಅಂಗಡಿ. ಎನ್ ಆಗಿದ್ದರೆ "ಜಾತ್ರೆ ಮೊದಲಿನ ಹಾಗೆ ಇಲ್ಲ" ಅಂತ ಶುರು ಮಾಡುತ್ತಿದ್ದರು. ಜಗಳದ ಉತ್ತರದಲ್ಲಿ ಮನೆಯ ಒಟ್ಟು ನೆಮ್ಮದಿ ಮೊದಲು. ಇದಕ್ಕಿಂತ ಸಾಕ್ಷಿ ಬೇಡ.

ದೇವಿಮನೆ
ಅಷ್ಟು ಅವಸರ ಬೇಡ. ಅಜ್ಜಿಗೆ ಹೇಳುವಾಗ ಯಾರಾದರೂ ವಿವರವನ್ನೇ ಹೇಳುತ್ತಾರೆ, ಅಜ್ಜಿಗೆ ಬೇಕಾದದ್ದು ಅದು. ಅದು ಕೇಳುವವರ ಗುಣ, ಹೇಳುವವರದ್ದಲ್ಲ.

ನಾಲ್ಕನೇ ಉತ್ತರ ನೋಡಿ. ಯಾರ ಜೊತೆಗೂ ವಾದ ಮಾಡದೆ, ತನಗೆ ಸರಿ ಅನಿಸಿದ್ದನ್ನು ಮಾಡಿದರು. ಇದು ಐಎನ್‌ಎಫ್‌ಪಿ ಲಕ್ಷಣ. ಯುಂಗ್ ಹೇಳಿದ ಕ್ರಿಯೆಗಳ (ಮನಸ್ಸು ಕೆಲಸ ಮಾಡುವ ರೀತಿಗಳು, ಪ್ರತಿ ಟೈಪಿಗೂ ನಾಲ್ಕು ಅಂತ ಲೆಕ್ಕ) ಪ್ರಕಾರ ಐಎನ್‌ಎಫ್‌ಪಿಗೆ ಮುಂದಿರುವುದು ಒಳಮುಖದ ಭಾವನೆ. "ನನ್ನ ಮನಸ್ಸಿಗೆ ಇದು ಸರಿಯೇ?" ಅನ್ನುವುದು ಮೊದಲ ಪ್ರಶ್ನೆ. ಐಎಸ್‌ಎಫ್‌ಜೆಯಲ್ಲಿ ಮುಂದಿರುವುದು ಒಳಮುಖದ ಸಂವೇದನೆ, ಅದಕ್ಕೆ ಹೊರಮುಖದ ಭಾವನೆಯ ಬೆಂಬಲ. "ಹಿಂದೆ ಹೇಗಿತ್ತು? ಎಲ್ಲರಿಗೂ ಹೇಗೆ ಆಗುತ್ತದೆ?" ಅನ್ನುವುದು ಅವರ ದಾರಿ. ಅಕ್ಷರದಲ್ಲಿ ಎರಡು ಮಾತ್ರ ಬೇರೆ, ಒಳಗಿನ ಓಟ ಪೂರ್ತಿ ಬೇರೆ. ಐಎನ್‌ಎಫ್‌ಪಿ ಮತ್ತು ಐಎನ್‌ಎಫ್‌ಜೆ ನಡುವೆ ಒಂದೇ ಅಕ್ಷರದ ಅಂತರ, ಆದರೆ ನಾಲ್ಕೂ ಕ್ರಿಯೆಗಳು ಬೇರೆ. ಅದಕ್ಕೇ ಅಕ್ಷರ ಎಣಿಸುವ ಟೆಸ್ಟು ಎಡವುತ್ತದೆ.

ಕಾಳಿದಡ
ಅಪ್ಪನ ಮಾತು ಮೀರಿ ಕೆಲಸಕ್ಕೆ ಹೋದವರೆಲ್ಲ ಐಎನ್‌ಎಫ್‌ಪಿ ಆದರೆ ನಮ್ಮ ಜಿಲ್ಲೆಯ ಅರ್ಧ ಯುವಕರು ಐಎನ್‌ಎಫ್‌ಪಿ. ಎಲ್ಲರೂ ಬೆಂಗಳೂರಿನಲ್ಲೇ ಇದ್ದಾರೆ.

ದೇವಿಮನೆ
ಹೋದದ್ದು ಮುಖ್ಯ ಅಲ್ಲ, ಹೇಗೆ ಹೋದರು ಅನ್ನುವುದು ಮುಖ್ಯ. ಮಿಡಿಮಾವು, ಒಂದು ಹೇಳಿ. ಬರುವ ಮೊದಲು ಮನೆಯವರಿಗೆ ತೊಂದರೆ ಆಗದ ಹಾಗೆ ಏನಾದರೂ ವ್ಯವಸ್ಥೆ ಮಾಡಿದಿರಾ?

ಮಿಡಿಮಾವು
ಮಾಡಿದೆ. ಕೊನೆಕೊಯ್ಲು ಮುಗಿಯುವ ತನಕ ಕಾದೆ. ಅಡಿಕೆ ಸುಲಿಯುವವರ ಲೆಕ್ಕ ಬರೆಯುತ್ತಿದ್ದದ್ದು ನಾನೇ. ಅದನ್ನು ತಮ್ಮನಿಗೆ ಕಲಿಸಿಕೊಟ್ಟು ಬಂದೆ.

ಕಾಳಿದಡ
ಐಎಸ್‌ಎಫ್‌ಜೆ. ಮುಗಿಯಿತು.

ಚಂಡೆಪೆಟ್ಟು
ನನಗೆ ಈ ಐ-ಇ ವಿಷಯದಲ್ಲೇ ತಕರಾರು. ತಾಳಮದ್ದಲೆಯಲ್ಲಿ ಕೌರವನ ಅರ್ಥ ಹೇಳುವ ಒಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಕೃಷ್ಣನ ಎದುರು ಕೂತರೆ ಗಂಟೆಗಟ್ಟಲೆ ವಾದ, ಸಭೆ ಅಲ್ಲಾಡುವುದಿಲ್ಲ. ಮುಗಿದ ಮೇಲೆ ಚಾ ಕುಡಿಯುವಾಗ ಎರಡು ಮಾತು ಆಡಿಸಬೇಕಾದರೆ ನಾವೇ ಕಷ್ಟಪಡಬೇಕು. ಯಾರ ಕಣ್ಣಿಗೂ ಬೀಳದೆ ಬಸ್ ಹತ್ತಿ ಹೋಗುತ್ತಾರೆ. ಅವರು ಯಾವ ಅಕ್ಷರ?

ಕುಮಟಾ_ಮೇಷ್ಟ್ರು
ಒಳ್ಳೆಯ ಉದಾಹರಣೆ. ಬ್ರಯಾನ್ ಲಿಟಲ್ ಎಂಬ ಕೆನಡಾದ ಮನೋವಿಜ್ಞಾನಿ ಇದರ ಬಗ್ಗೆ ಬರೆದಿದ್ದಾರೆ. ನಮಗೆ ಬಹಳ ಮುಖ್ಯ ಅನಿಸಿದ ಕೆಲಸಕ್ಕಾಗಿ ನಾವು ಸ್ವಭಾವ ಮೀರಿ ನಡೆದುಕೊಳ್ಳಬಲ್ಲೆವು. ಒಳಮುಖದವರು ವೇದಿಕೆಯಲ್ಲಿ ಮಾತಿನ ಮಲ್ಲರಾಗುತ್ತಾರೆ. ಆದರೆ ಆಮೇಲೆ ಸುಧಾರಿಸಿಕೊಳ್ಳಲು ಒಂದು ಜಾಗ ಬೇಕು. ನಿಮ್ಮ ಅರ್ಥಧಾರಿಗೆ ಆ ಬಸ್ಸಿನ ಸೀಟೇ ಜಾಗ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾಚಿಕೆ ಬೇರೆ, ಒಳಮುಖ ಬೇರೆ. ನಾಚಿಕೆಯಲ್ಲಿ "ನಾಲ್ಕು ಜನ ಏನಂದುಕೊಳ್ಳುತ್ತಾರೋ" ಎಂಬ ಹೆದರಿಕೆ ಇದೆ. ಒಳಮುಖದವರಿಗೆ ಹೆದರಿಕೆ ಇರಬೇಕೆಂದೇನಿಲ್ಲ, ಒಬ್ಬರೇ ಇದ್ದರೂ ಹಿತವೇ. ಹೊರಮುಖದವರಲ್ಲೂ ನಾಚುವವರಿದ್ದಾರೆ. ಜನ ಬೇಕು, ಆದರೆ ಹತ್ತಿರ ಹೋಗಲು ಭಯ. ಕ್ಲಾಸಿನಲ್ಲಿ ಇಂಥ ಮಕ್ಕಳನ್ನು ನೋಡಿದರೆ ನನಗೆ ಬಹಳ ಸಂಕಟವಾಗುತ್ತದೆ. ನಾವು ಮೇಷ್ಟ್ರುಗಳು ಅವರನ್ನು "ಶಾಂತ ಸ್ವಭಾವ" ಅಂತ ಹಣೆಪಟ್ಟಿ ಹಚ್ಚಿ ಹಿಂದಿನ ಬೆಂಚಿನಲ್ಲಿ ಬಿಟ್ಟುಬಿಡುತ್ತೇವೆ.

ಚಂಡೆಪೆಟ್ಟು
ಸರಿಯಾಗಿ ಹೇಳಿದಿರಿ. ಈ ಮಾತಿಗೆ ನಾಳೆ ಸಿಕ್ಕಿದರೆ ಚಾ ನನ್ನದು.

ಟಾಗೋರ್‌ಕಡಲು
ಕಾರವಾರ ಅಂದ ಮೇಲೆ ರವೀಂದ್ರನಾಥರನ್ನು ಬಿಡಲಿಕ್ಕಾಗುವುದಿಲ್ಲ. 1880ರ ದಶಕದ ಮೊದಲಲ್ಲಿ, ಇಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಆಗಿನ್ನೂ ಇಪ್ಪತ್ತು ದಾಟಿದ ಹುಡುಗ. ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬೆಳದಿಂಗಳಲ್ಲಿ ಮರಳಿದ್ದನ್ನು ಎಷ್ಟೋ ವರ್ಷದ ನಂತರ ನೆನಪಿಟ್ಟು ಬರೆದರು. ಖಂಡಿತ ಐಎನ್‌ಎಫ್‌ಪಿ.

ಅಪ್ಪೆಹುಳಿ
ಇಲ್ಲ, ಇದು ನನಗೆ ಒಪ್ಪಿಗೆ ಇಲ್ಲ. ತೀರಿಹೋದವರ ಟೈಪ್ ಹೇಳುವುದರಲ್ಲಿ ಅರ್ಥ ಇಲ್ಲ. ನಮಗೆ ಸಿಗುವುದು ಅವರು ಬರೆದದ್ದು ಮಾತ್ರ, ತಿರುಗಿ ಪ್ರಶ್ನೆ ಕೇಳುವಂತಿಲ್ಲ. ಅದೇ ಮನುಷ್ಯ ಶಾಲೆ ಕಟ್ಟಿದರು, ವಿಶ್ವವಿದ್ಯಾಲಯ ಮಾಡಿದರು, ಅದಕ್ಕಾಗಿ ದೇಶ ದೇಶ ಸುತ್ತಿದರು. ಬೆಳದಿಂಗಳೊಂದನ್ನೇ ಹಿಡಿದುಕೊಂಡರೆ ಹೇಗೆ?

ಅಂಕೋಲೆ_ಕರಿಇಶಾಡ
ನಮ್ಮ ದಿನಕರ ದೇಸಾಯಿಯವರನ್ನೇ ತಗೊಳ್ಳಿ. ಚುಟುಕ ಬರೆದರು. ಗೇಣಿ ರೈತರನ್ನು ಸಂಘಟಿಸಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಮಾಡಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದರು. 1967ರಲ್ಲಿ ಲೋಕಸಭೆಗೆ ಹೋದರು. ನಾಲ್ಕು ಸಾಲಿನ ಕವಿಯನ್ನೂ ಗೇಣಿ ಹೋರಾಟದ ನಾಯಕನನ್ನೂ ಒಂದೇ ಡಬ್ಬಿಗೆ ಹಾಕುವುದು ಹೇಗೆ ಹೇಳಿ. ಅವರ ಟ್ರಸ್ಟಿನ ಶಾಲೆಯಲ್ಲಿ ಓದಿದವನು ನಾನು. ಅದಕ್ಕೇ ಇಷ್ಟು ಬರೆದೆ.

ತಾರ್ಲೆಸಾರು
ಕರಿಇಶಾಡ ಅಂತ ಹೆಸರಿಟ್ಟುಕೊಂಡಿದ್ದೀರಿ. ಈ ಸಲ ಮಾವು ಹೇಗೆ ಬಂದಿದೆ? ಮಿಡಿಮಾವು, ಅಪ್ಪೆಹುಳಿ, ಕರಿಇಶಾಡ. ಇಲ್ಲಿ ಮಾವಿನ ಜನವೇ ಜಾಸ್ತಿ ಇದ್ದಾರೆ.

ಅಂಕೋಲೆ_ಕರಿಇಶಾಡ
ಹೂವು ಚೆನ್ನಾಗಿತ್ತು, ಮೋಡಕ್ಕೆ ಅರ್ಧ ಉದುರಿತು. ಬೇರೆ ಕಡೆ ಬರೆಯುತ್ತೇನೆ, ಇಲ್ಲಿ ವಿಷಯ ತಪ್ಪುತ್ತದೆ.

ಘಟ್ಟದಕೆಳಗೆ
ವಿಷಯಕ್ಕೇ ಬರುತ್ತೇನೆ, ಸ್ವಲ್ಪ ಕಹಿ ಅನುಭವ. ಹಿಂದೆ ಬೆಂಗಳೂರಿನ ಒಂದು ಕಂಪನಿಯಲ್ಲಿ ನನಗೆ ಮಾರಾಟ ವಿಭಾಗಕ್ಕೆ ಹೋಗುವ ಆಸೆ ಇತ್ತು. ಅರ್ಜಿ ಹಾಕಿದೆ. ಇಂಥದೇ ಟೆಸ್ಟ್ ಮಾಡಿಸಿದರು. "ನಿಮ್ಮದು ಐ ಬಂದಿದೆ, ಜನರ ಜೊತೆಗಿನ ಕೆಲಸ ನಿಮಗಲ್ಲ" ಅಂದರು. ನಾನು ಹೊನ್ನಾವರ ಪೇಟೆಯಲ್ಲಿ ಅಪ್ಪನ ಅಂಗಡಿಯ ಗಲ್ಲೆಯಲ್ಲಿ ಕೂತು ಬೆಳೆದವನು. ಗಿರಾಕಿ ಮುಖ ನೋಡಿದರೆ ಏನು ಬೇಕು ಅಂತ ಗೊತ್ತಾಗುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ. ಬೇಸರಕ್ಕಿಂತ ಸಿಟ್ಟು ಬಂತು. ಎಂಬಿಟಿಐ ಮಾರುವ ಸಂಸ್ಥೆಯೇ ಇದನ್ನು ಕೆಲಸಕ್ಕೆ ಆರಿಸಲು ಬಳಸಬಾರದು ಅನ್ನುತ್ತದೆ ಅಂತ ಆಮೇಲೆ ತಿಳಿಯಿತು. ಮಿಡಿಮಾವು ಅವರೇ, ದಯವಿಟ್ಟು ಈ ನಾಲ್ಕು ಅಕ್ಷರ ನೋಡಿ ಕೆಲಸ ಬಿಡಬೇಡಿ.

ಕಾಳಿದಡ
ನಾವು ಯಾರೂ ಬಿಡಿ ಅನ್ನಲಿಲ್ಲ. ತನ್ನನ್ನು ತಾನು ತಿಳಿಯಲು ಬಳಸುವುದು ಬೇರೆ, ಇನ್ನೊಬ್ಬರು ನಮ್ಮ ಮೇಲೆ ಬಳಸುವುದು ಬೇರೆ. ನನಗೆ ಇದರಿಂದ ಉಪಕಾರವೇ ಆಗಿದೆ. ನಾನು ಮತ್ತು ನನ್ನ ಹೆಂಡತಿ ಯಾಕೆ ಪ್ರತಿ ಪ್ರಯಾಣಕ್ಕೂ ಜಗಳ ಆಡುತ್ತೇವೆ ಅಂತ ಜೆ-ಪಿ ಓದಿದ ಮೇಲೆ ತಿಳಿಯಿತು. ಅವಳಿಗೆ ರೈಲಿನ ಟಿಕೆಟು ತಿಂಗಳ ಮೊದಲೇ ಕೈಯಲ್ಲಿರಬೇಕು, ನನಗೆ ಹೊರಡುವ ದಿನ ನೋಡಿದರಾಯಿತು. ಈಗ ಟಿಕೆಟ್ ಅವಳ ಜವಾಬ್ದಾರಿ, ಹೋದ ಮೇಲೆ ಎಲ್ಲಿ ತಿರುಗುವುದು ಅನ್ನುವುದು ನನ್ನದು. ಜಗಳ ಇಲ್ಲ.

ಗೇರುಬೀಜ
ಅದು ಒಳ್ಳೆಯದಾಯಿತು ನೋಡಿ.

ಮಾರ್ಕೆಟ್‌ಯಾರ್ಡ್
ನನ್ನ ಅಭಿಪ್ರಾಯ ಇಷ್ಟು. ಅಡಿಕೆಯನ್ನು ಚಾಲಿ, ಬಿಳಿಗೋಟು, ಕೆಂಪುಗೋಟು, ಕೋಕಾ ಅಂತ ವಿಂಗಡಿಸದೆ ವ್ಯಾಪಾರ ನಡೆಯುವುದಿಲ್ಲ. ಆದರೆ ಆ ಹೆಸರು ದರ ಕಟ್ಟಲು. ಮರದ ಬುಡಕ್ಕೆ ಎಷ್ಟು ಗೊಬ್ಬರ ಬೇಕು ಅಂತ ಅದು ಹೇಳುವುದಿಲ್ಲ. ಜನರನ್ನು ವಿಂಗಡಿಸುವುದೂ ಹಾಗೇ. ಯಾವುದಕ್ಕೆ ಅಂತ ಮೊದಲು ಹೇಳಬೇಕು.

ಕುಮಟಾ_ಮೇಷ್ಟ್ರು
ನಿಜ. ಅದಕ್ಕೇ ಸಂಶೋಧಕರು ಈಗ ಡಬ್ಬಿ ಬಿಟ್ಟು ಅಳತೆ ಕೇಳುತ್ತಾರೆ. ಬಿಗ್ ಫೈವ್ ಅಂತ ಕರೆಯುತ್ತಾರೆ. ಹೊಸದಕ್ಕೆ ತೆರೆದ ಮನಸ್ಸು, ಶಿಸ್ತು, ಹೊರಮುಖತೆ, ಹೊಂದಿಕೊಳ್ಳುವ ಗುಣ, ಆತಂಕದ ಕಡೆ ವಾಲುವ ಗುಣ. ಐದರಲ್ಲೂ ಪ್ರತಿಯೊಬ್ಬರಿಗೂ ಒಂದು ಅಂಕ, ಗೆರೆ ಇಲ್ಲ. 1989ರಲ್ಲಿ ಮೆಕ್‌ಕ್ರೇ ಮತ್ತು ಕೋಸ್ಟಾ ಎಂಬಿಟಿಐ ಅಂಕಗಳನ್ನು ಇದರ ಜೊತೆ ಇಟ್ಟು ನೋಡಿದರು. ನಾಲ್ಕು ಜೋಡಿಗಳು ಐದರಲ್ಲಿ ನಾಲ್ಕಕ್ಕೆ ಹೊಂದಿದವು. ಆದ್ದರಿಂದ ಕಾಳಿದಡ, ನಿಮ್ಮ ಅಕ್ಷರಗಳು ಪೂರ್ತಿ ಗಾಳಿಮಾತಲ್ಲ. ಎಂಬಿಟಿಐಯಲ್ಲಿ ಸಿಗದೆ ಉಳಿದದ್ದು ಐದನೆಯದು, ಆತಂಕ. ಈ ತಂಗಿಯ ವಿಷಯದಲ್ಲಿ ಅದೇ ಮುಖ್ಯವೇನೋ ಅನಿಸುತ್ತಿದೆ ನನಗೆ.

ನೆಟ್‌ನಲ್ಲಿ ಬಹಳ ಜನ ಮಾಡುವ 16ಪರ್ಸನಾಲಿಟೀಸ್ ಟೆಸ್ಟು ಕೂಡ ಒಳಗೆ ಈ ಅಳತೆಯ ಮೇಲೇ ನಿಂತಿದೆ. ಅಕ್ಷರ ಮಾತ್ರ ಎಂಬಿಟಿಐಯದ್ದು. ಬೇರೆ ಬೇರೆ ಕಡೆ ಬೇರೆ ಬೇರೆ ಉತ್ತರ ಬರಲು ಇದೂ ಒಂದು ಕಾರಣ.

ಸದಾಶಿವಗಡ
ನಾನು ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಯಾರೂ ಕೇಳದ ಒಂದು ಪ್ರಶ್ನೆ ಇದೆ. ಮಿಡಿಮಾವು, ನಿಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾವ ಭಾಷೆಯಲ್ಲಿ ಮಾತು ನಡೆಯುತ್ತದೆ?

ಮಿಡಿಮಾವು
ಕೊಂಕಣಿ. ನನ್ನೊಬ್ಬಳ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾರೆ, ತಮ್ಮತಮ್ಮಲ್ಲಿ ಕೊಂಕಣಿ. ನನಗೆ ಅರ್ಥವಾಗುತ್ತದೆ, ಆಡಲು ಬಾಯಿ ತಿರುಗುವುದಿಲ್ಲ. ಯಾಕೆ?

ಸದಾಶಿವಗಡ
ಹಾಗಾದರೆ ನೀವು ಟೆಸ್ಟಿನಲ್ಲಿ "ಗುಂಪಿನಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ" ಅಂತ ಟಿಕ್ ಮಾಡುವಾಗ ಮನಸ್ಸಿನಲ್ಲಿ ಇದ್ದದ್ದು ಯಾವ ಗುಂಪು? ನಾನು ಕೊಂಕಣಿ ಮನೆಯವಳು. ಮದುವೆಯಾಗಿ ಧಾರವಾಡಕ್ಕೆ ಹೋದ ಹೊಸತರಲ್ಲಿ ಅತ್ತೆಮನೆಯಲ್ಲಿ ಎಲ್ಲರೂ ನನ್ನನ್ನು "ಭಾಳ ಶಾಂತ ಹುಡುಗಿ" ಅನ್ನುತ್ತಿದ್ದರು. ತವರಿನಲ್ಲಿ ಕೇಳಿದವರಿಗೆ ನಂಬಲಿಕ್ಕೇ ಆಗಲಿಲ್ಲ. ಅಲ್ಲಿಯ ಮಾತಿನ ವೇಗಕ್ಕೆ ನಾನು ಉತ್ತರ ಹೊಂದಿಸುವಷ್ಟರಲ್ಲಿ ವಿಷಯ ಬದಲಾಗಿರುತ್ತಿತ್ತು. ಅಷ್ಟೇ. ಸ್ವಭಾವ ಎಲ್ಲಿಗೂ ಹೋಗಿರಲಿಲ್ಲ.

ಅಪ್ಪೆಹುಳಿ
ಇದು ಸರಿಯಾದ ಪ್ರಶ್ನೆ!

ಕುಮಟಾ_ಮೇಷ್ಟ್ರು
ಸದಾಶಿವಗಡದವರು ಮುಟ್ಟಿದ್ದು ಈ ಕ್ಷೇತ್ರದ ದೊಡ್ಡ ಜಗಳವನ್ನೇ. 1968ರಲ್ಲಿ ವಾಲ್ಟರ್ ಮಿಶೆಲ್ ಇದನ್ನು ಎತ್ತಿದರು. ಒಬ್ಬರ ನಡತೆ ಸಂದರ್ಭದಿಂದ ಸಂದರ್ಭಕ್ಕೆ ನಾವು ಅಂದುಕೊಂಡಷ್ಟು ಒಂದೇ ಥರ ಇರುವುದಿಲ್ಲ ಅಂದರು. ಅದಕ್ಕೂ ಮೊದಲು 1928ರಲ್ಲಿ ಹಾರ್ಟ್‌ಶಾರ್ನ್ ಮತ್ತು ಮೇ ಶಾಲಾಮಕ್ಕಳ ಪ್ರಾಮಾಣಿಕತೆ ನೋಡಿದ್ದರು. ಪರೀಕ್ಷೆಯಲ್ಲಿ ಮೋಸ ಮಾಡಿದ ಮಗು ಆಟದಲ್ಲೂ ಮಾಡುತ್ತದೆ ಅಂತ ಹೇಳಲು ಬರುವಂತಿರಲಿಲ್ಲ. ಆಮೇಲೆ ಮಿಶೆಲ್ ಇನ್ನೂ ಮುಂದೆ ಹೋದರು. ಪ್ರತಿಯೊಬ್ಬರಿಗೂ "ಹೀಗಾದರೆ ಹಾಗೆ" ಅನ್ನುವ ತಮ್ಮದೇ ಜಾಡು ಇರುತ್ತದೆ ಅಂದರು. ಅದು ಮಾತ್ರ ಬಹಳ ಸ್ಥಿರ. ಆದ್ದರಿಂದ "ನಾನು ಮೌನಿಯೇ?" ಅನ್ನುವುದಕ್ಕಿಂತ "ಯಾರ ಎದುರು, ಎಲ್ಲಿ, ಯಾವಾಗ ಮೌನಿ?" ಅನ್ನುವುದು ಒಳ್ಳೆಯ ಪ್ರಶ್ನೆ.

ದೇವಿಮನೆ
ಇದನ್ನು ನಾನೂ ಒಪ್ಪುತ್ತೇನೆ. ಮಿಡಿಮಾವು, ಯಾವ ಜಾಗದಲ್ಲಿ ನಿಮಗೆ ಮಾತು ಸಲೀಸಾಗಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಬರೆಯಿರಿ. ತಮ್ಮನನ್ನೂ ಗೆಳತಿಯನ್ನೂ ಕೇಳಿ ನೋಡಿ.

ಕುಮಟಾ_ಮೇಷ್ಟ್ರು
ಹೌದು, ಬೇರೆಯವರನ್ನು ಕೇಳಲೇಬೇಕು. ಸಿಮಿನ್ ವಜೀರೆ 2010ರಲ್ಲಿ ತೋರಿಸಿದ್ದು ಇದು: ಒಳಗಿನ ಆತಂಕದಂಥ ವಿಷಯ ನಮಗೇ ಚೆನ್ನಾಗಿ ಗೊತ್ತು. ಬುದ್ಧಿ, ಹೊಸತನದಂಥ ಗುಣಗಳನ್ನು ಗೆಳೆಯರು ನಮಗಿಂತ ಸರಿಯಾಗಿ ಹೇಳುತ್ತಾರೆ.

ಮಿಡಿಮಾವು
ಇಬ್ಬರನ್ನೂ ಕೇಳಿದೆ, ನಾನೂ ಯೋಚಿಸಿದೆ.

ತಮ್ಮ ಹೇಳಿದ್ದು: "ನೀನು ಗುಂಪಿನಲ್ಲಿ ಸುಮ್ಮನಿರುವುದು ಹೌದು. ಆದರೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹದಿನೈದು ಜನ ಕೂತಿರುತ್ತಿದ್ದರು, ಎಲ್ಲರೂ ತಮ್ಮ ಮನೆ ಕಷ್ಟ ನಿನ್ನ ಹತ್ತಿರವೇ ಹೇಳುತ್ತಿದ್ದರು." ಅದು ನನ್ನ ತಲೆಗೇ ಬಂದಿರಲಿಲ್ಲ. ಕೈಗೆ ಕೆಲಸ ಇದ್ದರೆ, ಲೆಕ್ಕದ ಪುಸ್ತಕ ಎದುರಿಗಿದ್ದರೆ ನನಗೆ ಹೊಸಬರ ಹತ್ತಿರವೂ ಮಾತು ಬರುತ್ತದೆ. ಗೆಳತಿಯೂ ಹಾಗೇ ಹೇಳಿದಳು, ಒಬ್ಬರ ಹತ್ತಿರ ಮಾತಾಡುವಾಗ ನೀನು ಬೇರೆಯೇ ಅಂತ. ಮಾತು ನಿಲ್ಲುವುದು ಎಲ್ಲರೂ ಒಟ್ಟಿಗೆ ಮಾತಾಡುವಾಗ. ಮತ್ತೆ ಯಾರಾದರೂ "ನೀವ್ಯಾಕೆ ಏನೂ ಹೇಳೋದಿಲ್ಲ?" ಅಂತ ಎಲ್ಲರ ಎದುರು ಕೇಳಿದಾಗ.

ಮೇಷ್ಟ್ರು ಹೇಳಿದ ಆತಂಕದ ಮಾತೂ ನಿಜ. ಸಭೆಯ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಸಭೆ ಮುಗಿದ ಮೇಲೆ ಏನೂ ಆಗಿರುವುದಿಲ್ಲ.

ಅಂಕೋಲೆ_ಕರಿಇಶಾಡ
ನಮ್ಮ ಕಡೆಯ ಸಂಘಗಳ ಸಭೆ ನಾನು ನೋಡಿದ್ದೇನೆ ತಂಗಿ. ಹತ್ತು-ಹದಿನೈದು ಹೆಂಗಸರು, ನಡುವೆ ಪಾಸ್‌ಬುಕ್ಕು, ಲೆಕ್ಕದ ಪುಸ್ತಕ. ನೀವು ಹೇಳಿದ ಅಡಿಕೆ ಸುಲಿಯುವ ಜಗಲಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಭಾಷೆಯೂ ಕುಮಟಾ, ಹೊನ್ನಾವರ ಕಡೆ ಹೋದ ಹಾಗೆ ಕನ್ನಡವೇ ಜಾಸ್ತಿ. ಕೊಂಕಣಿ ಮನೆಗಳೂ ಇವೆ, ಭಟ್ಕಳದಲ್ಲಿ ನವಾಯತಿಯೂ ಇದೆ. ಮೀನು ಮಾರುವ ಹೆಂಗಸರು ಯಾವ ಭಾಷೆಯವರಾದರೂ ಕನ್ನಡದಲ್ಲಿ ವ್ಯಾಪಾರ ಮಾಡುತ್ತಾರೆ. ಜೂನ್-ಜುಲೈ ಬೋಟು ನಿಂತಾಗ ಹೋದರೆ ಅವರಿಗೂ ಕೂತು ಮಾತಾಡಲು ಪುರುಸೊತ್ತು ಇರುತ್ತದೆ.

ಘಟ್ಟದಕೆಳಗೆ
ಆಫೀಸಿನವರಿಗೆ ಹೇಳಿ, ಮೊದಲು ಕೆಲವು ಸಭೆಗಳಿಗೆ ಹಿರಿಯರೊಬ್ಬರ ಜೊತೆ ಹೋಗುತ್ತೇನೆ, ಆಮೇಲೆ ಹೂಂ ಅನ್ನುತ್ತೇನೆ ಅಂತ. ಇದು ನ್ಯಾಯವಾದ ಕೋರಿಕೆ.

ಮಿಡಿಮಾವು
ಇವತ್ತು ಹಾಗೇ ಕೇಳಿದೆ. ಒಪ್ಪಿದ್ದಾರೆ. ಮುಂದಿನ ವಾರ ಅಂಕೋಲಾ ಕಡೆ ಹೋಗುವ ಅಕ್ಕನ ಜೊತೆ ಹೊರಡುತ್ತೇನೆ. ಆಯಿಗೆ ಇನ್ನೂ ಹೇಳಿಲ್ಲ, ತಮ್ಮ ಹೇಳುತ್ತಾನಂತೆ. ನಿಮ್ಮೆಲ್ಲರಿಗೂ ತುಂಬ ಧನ್ಯವಾದ, ವಿಶೇಷವಾಗಿ ಸದಾಶಿವಗಡ ಅಕ್ಕನಿಗೆ.

ಸದಾಶಿವಗಡ
ಒಳ್ಳೆಯದಾಗಲಿ. ಊಟದ ಹೊತ್ತಿಗೆ ತಪ್ಪಾದರೂ ಪರವಾಗಿಲ್ಲ, ಕೊಂಕಣಿಯಲ್ಲಿ ಎರಡು ಮಾತು ಆಡಿ. ನಮ್ಮವರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಕಾಳಿದಡ
ಎಲ್ಲ ಸರಿ. ಆದರೂ ಜನರ ಕಷ್ಟ ಕೇಳುವುದು, ಲೆಕ್ಕ ನೆನಪಿಡುವುದು, ತಮ್ಮನಿಗೆ ಕಲಿಸಿ ಬರುವುದು ಎಲ್ಲ ಸೇರಿಸಿದರೆ ಐಎಸ್‌ಎಫ್‌ಜೆ ಅಂತ ನಾನು ಈಗಲೂ ಹೇಳುತ್ತೇನೆ.

ದೇವಿಮನೆ
ಒಬ್ಬೊಬ್ಬರ ಜೊತೆ ಆಳವಾಗಿ ಮಾತು, ಗುಂಪಿನಲ್ಲಿ ಮೌನ. ನನ್ನ ಲೆಕ್ಕ ಐಎನ್‌ಎಫ್‌ಪಿಯೇ.

ಹೊಳೆಬಾಗಿಲು
ಈಗ ನನ್ನದನ್ನೂ ಹೇಳ್ತೀರಾ? ನಾನು ಸಿದ್ದಾಪುರದವನು, ಮನೆಯಲ್ಲೇ ಇದ್ದು ತೋಟ ನೋಡಿಕೊಳ್ಳುತ್ತೇನೆ. ಟೆಸ್ಟಿನಲ್ಲಿ ಇಎನ್‌ಟಿಪಿ ಬರುತ್ತದೆ, ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಸದಾಶಿವಗಡ
ಬೇರೆಯಾಗಿ ಬರೆಯಿರಿ, ಎಲ್ಲರೂ ಬರುತ್ತೇವೆ. ಬರೆಯುವಾಗ ಮನೆಯವರು ಏನು ನೋಡಿ ಒಪ್ಪುವುದಿಲ್ಲ, ಅದನ್ನೇ ಮೊದಲು ಹಾಕಿ.